ಶನಿವಾರ ಶೂಟ್ ಮಾಡಿ, ರವಿವಾರ ಅದನ್ನೇ ಮತ್ತೆ ಶೂಟ್ ಮಾಡಿ

ಸಿನಿಮಾ ಕೆಲಸ ಕಲಿಯಬೇಕು ಅಂತ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು: ಕಾರ್ಯಾಗಾರ ಯಾರದೇ ಇರಲಿ, ಸೇರುವ ಮುಂಚೆ ಅದರ ವೇಳಾಪಟ್ಟಿ ತರಿಸಿ ಓದಿ. ನೀವು ತೆಗೆದದ್ದನ್ನು ಅದೇ ಸಂಜೆ ದೊಡ್ಡ ಪರದೆ ಮೇಲೆ ನೋಡಿ, ಮರುದಿನ ಅದೇ ಜಾಗಕ್ಕೆ ಹೋಗಿ ಅದನ್ನೇ ಮತ್ತೆ ತೆಗೆಯಲು ಸಮಯ ಇಟ್ಟಿದ್ದಾರೆಯೇ? ಇಟ್ಟಿದ್ದರೆ ಧೈರ್ಯವಾಗಿ ಸೇರಿ. ಇಲ್ಲದಿದ್ದರೆ ಆ ದುಡ್ಡಿನಲ್ಲಿ ಒಂದು ಒಳ್ಳೆ ಮೈಕ್ ತಗೊಳ್ಳಿ, ಅದು ಹೆಚ್ಚು ಕಲಿಸುತ್ತದೆ.

ನಾನು ಕಲಬುರಗಿಯಲ್ಲಿ ಎಡಿಟಿಂಗ್ ಅಂಗಡಿ ಇಟ್ಟುಕೊಂಡವಳು. ಮದುವೆ, ಕುಬಸ, ತೊಟ್ಟಿಲು, ಜಾತ್ರೆ, ಕಾಲೇಜಿನ ಗ್ಯಾದರಿಂಗ್, ಹೀಗೆ ವರ್ಷವಿಡೀ ಬೇರೆಯವರು ತೆಗೆದ ಫೂಟೇಜ್ ನೋಡುವುದೇ ನನ್ನ ಕೆಲಸ. ಒಬ್ಬ ಕ್ಯಾಮೆರಾಮನ್ ಎಲ್ಲಿ ಅವಸರ ಮಾಡಿದ, ಎಲ್ಲಿ ತಾಳ್ಮೆಯಿಂದ ನಿಂತ ಅನ್ನುವುದು ಎಡಿಟಿಂಗ್ ಟೇಬಲ್ ಮೇಲೆ ಬೆತ್ತಲಾಗಿ ಕಾಣುತ್ತದೆ. ಆದರೆ ಅದು ತೆಗೆದವನಿಗೇ ಗೊತ್ತಾಗುವುದಿಲ್ಲ, ಯಾಕೆಂದರೆ ಮೆಮೊರಿ ಕಾರ್ಡ್ ನನ್ನ ಕೈಗೆ ಕೊಟ್ಟು ಅವನು ಮುಂದಿನ ಮುಹೂರ್ತಕ್ಕೆ ಓಡಿರುತ್ತಾನೆ. ತಾನು ತೆಗೆದದ್ದನ್ನು ತಾನೇ ಕೂತು ನೋಡದವರು ಹತ್ತು ವರ್ಷ ಕ್ಯಾಮೆರಾ ಹಿಡಿದರೂ ಮೊದಲ ವರ್ಷದ ಕೆಲಸವನ್ನೇ ಮಾಡುತ್ತಿರುತ್ತಾರೆ. ಅದಕ್ಕೇ ಆಷಾಢದಲ್ಲಿ ನಾನು ಎರಡೆರಡು ದಿನದ ಕಾರ್ಯಾಗಾರ ನಡೆಸುತ್ತೇನೆ.

ಆಷಾಢವೇ ಯಾಕೆ ಅಂದರೆ, ಆ ತಿಂಗಳು ನಮ್ಮ ಕಡೆ ಮದುವೆ ಮುಹೂರ್ತ ಇರುವುದಿಲ್ಲ. ಕ್ಯಾಮೆರಾ, ಲೈಟು, ಟ್ರೈಪಾಡ್ ಎಲ್ಲ ಅಂಗಡಿಗಳಲ್ಲಿ ಖಾಲಿ ಕೂತಿರುತ್ತವೆ. ಗುರುತಿನವರಾದರೆ ಬಾಡಿಗೆ ಬೇಡವೇ ಬೇಡ ಅಂದು ಕೊಡುತ್ತಾರೆ. ಕೈ ನುರಿತ ಕ್ಯಾಮೆರಾದವರೂ ಆಗ ಬಿಡುವಾಗಿ ಸಿಗುತ್ತಾರೆ. ಬಿಸಿಲೂ ಇಳಿದಿರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ ಮಟಮಟ ಮಧ್ಯಾಹ್ನ ಫೋನಿನಲ್ಲಿ ವಿಡಿಯೋ ತೆಗೆಯಲು ಹೋದರೆ, ಸ್ವಲ್ಪ ಹೊತ್ತಿಗೇ ಫೋನ್ ಕಾದು ರೆಕಾರ್ಡಿಂಗ್ ತಾನಾಗಿಯೇ ನಿಲ್ಲುತ್ತದೆ. ಆಷಾಢದ ಮೋಡ ಇದ್ದರೆ ಮುಖದ ಮೇಲೆ ಕರಿ ನೆರಳು ಬೀಳದೆ ಬೆಳಕು ಮೆತ್ತಗೆ ಹರಡುತ್ತದೆ.

ಸೇರುವ ಮುಂಚೆ ಕೇಳಬೇಕಾದ್ದು

ಒಂದು ಕ್ಯಾಮೆರಾಗೆ ಎಷ್ಟು ಜನ? ನಾಲ್ಕು ಜನಕ್ಕಿಂತ ಹೆಚ್ಚಾದರೆ ಒಬ್ಬರು ತೆಗೆಯುತ್ತಾರೆ, ಉಳಿದವರು ನಿಂತು ನೋಡುತ್ತಾರೆ. ಎರಡು ದಿನದಲ್ಲಿ ಕಥೆ, ಕ್ಯಾಮೆರಾ, ಲೈಟಿಂಗ್, ನಟನೆ, ಎಡಿಟಿಂಗ್, ಡಬ್ಬಿಂಗ್ ಎಲ್ಲ ಕಲಿಸುತ್ತೇವೆ ಅಂತ ಪೋಸ್ಟರಿನಲ್ಲಿ ಹಾಕಿದ್ದರೆ ಅಲ್ಲಿ ಭಾಷಣ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಎರಡು ದಿನಕ್ಕೆ ಒಂದು ವಿಷಯ ಸಾಕು. ಮಾತನ್ನು ಸ್ವಚ್ಛವಾಗಿ ರೆಕಾರ್ಡ್ ಮಾಡುವುದು, ಅಥವಾ ಕಿಟಕಿ ಬೆಳಕಿನಲ್ಲಿ ಮುಖ ತೆಗೆಯುವುದು, ಅಥವಾ ಐದು ಶಾಟ್ ಸೇರಿಸಿ ಒಂದು ಕೆಲಸ ತೋರಿಸುವುದು. ಸರ್ಟಿಫಿಕೇಟಿನ ಬಗ್ಗೆ ಜಾಸ್ತಿ ಮಾತಾಡುವವರ ಹತ್ತಿರ, ಸಿನಿಮಾದಲ್ಲಿ ಚಾನ್ಸ್ ಕೊಡಿಸುತ್ತೇವೆ ಅನ್ನುವವರ ಹತ್ತಿರ ದುಡ್ಡು ಕಟ್ಟಬೇಡಿ.

ದೊಡ್ಡ ಸಂಸ್ಥೆಗಳ ಬಗ್ಗೆ ನನಗೆ ಗೌರವ ಇದೆ. ಪುಣೆಯ ಎಫ್‌ಟಿಐಐ, ಅಂದರೆ ಕೇಂದ್ರ ಸರ್ಕಾರದ ಸಿನಿಮಾ ಶಾಲೆ, 1960ರಲ್ಲಿ ಶುರುವಾದದ್ದು. ಅವರು ಈಗ ಕಡಿಮೆ ಅವಧಿಯ ಕೋರ್ಸುಗಳನ್ನೂ ನಡೆಸುತ್ತಾರೆ, ಪುಣೆಯ ಹೊರಗೂ ಬಂದು ನಡೆಸುತ್ತಾರೆ. ಸೊಲ್ಲಾಪುರದ ಮೇಲೆ ಹೋಗುವ ರೈಲು ಹತ್ತಿದರೆ ನಮಗೆ ಪುಣೆ ಬೆಂಗಳೂರಿಗಿಂತ ಹತ್ತಿರ. ಅವಕಾಶ ಸಿಕ್ಕರೆ ಬಿಡಬೇಡಿ. ಆದರೆ ಸಿನಿಮಾ ನೋಡುವುದನ್ನು ಕಲಿಸುವ ಕೋರ್ಸು ಬೇರೆ, ಮಾಡುವುದನ್ನು ಕಲಿಸುವ ಕೋರ್ಸು ಬೇರೆ. ಅರ್ಜಿ ಹಾಕುವಾಗ ಇದನ್ನು ವಿಚಾರಿಸಿಕೊಳ್ಳಿ. ನೋಡುವುದೂ ದೊಡ್ಡ ವಿದ್ಯೆಯೇ. 1949ರಲ್ಲಿ ಹೆಗ್ಗೋಡೆಂಬ ಹಳ್ಳಿಯಲ್ಲಿ ಶುರುವಾದ ನೀನಾಸಂ, ನಾಟಕದ ಜೊತೆಗೆ ಜಗತ್ತಿನ ಸಿನಿಮಾಗಳನ್ನು ಹಳ್ಳಿಯವರ ಮುಂದಿಟ್ಟು ಶಿಬಿರ ನಡೆಸಿತು. ಹಳ್ಳಿಯಲ್ಲಿ ಅದು ಆಗುವುದಾದರೆ ಆಳಂದದಲ್ಲೂ ಆಗುತ್ತದೆ, ಸುರಪುರದಲ್ಲೂ ಆಗುತ್ತದೆ.

ಕಾರ್ಯಾಗಾರವೇ ಇಲ್ಲದಿದ್ದರೆ

ನೀವೇ ಮಾಡಿ. ಎಂಟು ಜನ ಸಾಕು, ಹನ್ನೆರಡು ದಾಟಬಾರದು. ಒಂದು ಕೋಣೆ, ಒಂದು ಪ್ರೊಜೆಕ್ಟರ್ ಅಥವಾ ದೊಡ್ಡ ಟಿವಿ, ಎರಡು ಎಕ್ಸ್‌ಟೆನ್ಶನ್ ಬೋರ್ಡ್, ಕಿಟಕಿ ಮುಚ್ಚಲು ಎರಡು ಜಮಖಾನ. ಕರೆಂಟ್ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ ಹಿಂದಿನ ರಾತ್ರಿಯೇ ಎಲ್ಲ ಬ್ಯಾಟರಿ ಚಾರ್ಜ್ ಮಾಡಿಸಿ. ಊಟಕ್ಕೆ ಯಾರ ಮನೆಯಿಂದಲಾದರೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬನ್ನಿ. ಹೋಟೆಲಿಗೆ ಹೋದರೆ ಒಂದು ತಾಸು ಹೋಯಿತು, ಎರಡು ದಿನದ ಕಾರ್ಯಾಗಾರದಲ್ಲಿ ಒಂದು ತಾಸು ಬಹಳ ದೊಡ್ಡದು.

ಕಲಿಸಲು ಒಬ್ಬರು ಬೇಕೇ ಬೇಕು. ಬೆಂಗಳೂರಿನ ಹೆಸರಾಂತ ನಿರ್ದೇಶಕರಿಗಾಗಿ ಕಾಯಬೇಡಿ. ನಿಮ್ಮ ಊರಿನ ಮದುವೆ ವಿಡಿಯೋದವರಲ್ಲಿ ಕೈ ನುರಿತ ಒಬ್ಬರನ್ನು ಕರೆಯಿರಿ. ಫೋಕಸ್, ಬೆಳಕು, ಅವಸರದಲ್ಲೂ ತಲೆ ತಣ್ಣಗಿಟ್ಟುಕೊಳ್ಳುವುದು, ಇವೆಲ್ಲ ಅವರಿಗೆ ಗೊತ್ತು. ಅವರ ದಿನದ ಸಂಬಳ ಎಷ್ಟೋ ಕೇಳಿ, ಎಲ್ಲರೂ ಹಂಚಿಕೊಂಡು ಕೊಡಿ. ಪುಕ್ಕಟೆ ಕರೆಯಬೇಡಿ. ಪಾತ್ರ ಮಾಡುವವರು ಬೇಕಿದ್ದರೆ ಕಲಬುರಗಿಯಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣವೇ ಇದೆ, ಹವ್ಯಾಸಿ ತಂಡಗಳೂ ಇವೆ. ನಾಟಕದವರು ಕ್ಯಾಮೆರಾ ಮುಂದೆ ಕೆಲಸ ಮಾಡಿ ನೋಡಲು ಖುಷಿಯಿಂದ ಬರುತ್ತಾರೆ.

ಸಮಯದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಚಿಂಚೋಳಿ, ಅಫಜಲಪುರ, ಚಿತ್ತಾಪುರದ ಕಡೆಯಿಂದ ಬರುವ ಹುಡುಗಿಯರಿಗೆ ಸಂಜೆಯ ಬಸ್ಸು ತಪ್ಪಿದರೆ ಮನೆಯವರು ಮರುದಿನ ಕಳಿಸುವುದೇ ಇಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ ಅನ್ನುವುದು ದೊಡ್ಡ ಅನುಕೂಲ. ನನ್ನ ಕಾರ್ಯಾಗಾರಕ್ಕೆ ತಾಲೂಕುಗಳಿಂದ ಹುಡುಗಿಯರು ಬರಲು ಶುರುವಾದದ್ದೇ ಆಮೇಲೆ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ. ಹೀಗಾಗಿ ಶನಿವಾರದ ಪರದೆ 4 ಗಂಟೆಗೇ ಶುರು, 6ಕ್ಕೆ ಬಾಗಿಲು ಹಾಕುವುದು.

ಶನಿವಾರ ಬೆಳಗ್ಗೆ: ಒಂದೇ ಶಾಟ್

1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲೂಮಿಯೆರ್ ಸಹೋದರರು ದುಡ್ಡು ಕೊಟ್ಟು ಬಂದ ಜನಕ್ಕೆ ಚಿತ್ರ ತೋರಿಸಿದಾಗ ಒಂದೊಂದು ಚಿತ್ರವೂ 50 ಸೆಕೆಂಡಿನ ಆಸುಪಾಸು ಇತ್ತು. ಅವರ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದ ರೀಲು ಸುಮಾರು 17 ಮೀಟರ್, ಅಷ್ಟಕ್ಕೇ ಮುಗಿಯುತ್ತಿತ್ತು. ಕ್ಯಾಮೆರಾ ಕದಲಿಸುತ್ತಿರಲಿಲ್ಲ, ಕತ್ತರಿಸಿ ಜೋಡಿಸುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಶುರು ಮಾಡಬೇಕು, ಇವೆರಡೇ ಅವರ ಕೈಯಲ್ಲಿದ್ದವು. ನನ್ನ ಕಾರ್ಯಾಗಾರದ ಮೊದಲ ಕೆಲಸವೂ ಅಷ್ಟೇ. ಬೆಳಗ್ಗೆ 7ಕ್ಕೆ ಕಣ್ಣಿ ಮಾರ್ಕೆಟ್ಟಿಗೆ ಹೋಗಿ, ಟ್ರೈಪಾಡ್ ಇಟ್ಟು, ಒಬ್ಬೊಬ್ಬರು ಒಂದು ನಿಮಿಷದ ಒಂದೇ ಶಾಟ್ ತೆಗೆಯಬೇಕು. ಜೂಮ್ ಇಲ್ಲ, ಪ್ಯಾನ್ ಇಲ್ಲ, ಅಂದರೆ ಕ್ಯಾಮೆರಾ ಅತ್ತಿತ್ತ ತಿರುಗಿಸುವಂತಿಲ್ಲ. ಫೋನ್ ಅಡ್ಡ ಹಿಡಿಯಬೇಕು, ಏರೋಪ್ಲೇನ್ ಮೋಡಿನಲ್ಲಿ ಇರಬೇಕು. ಬಟನ್ ಒತ್ತುವ ಮುಂಚೆ ಕಾಲು ಗಂಟೆ ಸುಮ್ಮನೆ ನಿಂತು ನೋಡಬೇಕು.

ಆ ಕಾಲು ಗಂಟೆಯೇ ಪಾಠ. ಕೊತ್ತಂಬರಿ ಕಟ್ಟು ಮಾರುವ ಅಜ್ಜಿಯ ಮುಂದೆ ನೇರ ನಿಂತರೆ ಅಜ್ಜಿ, ಕೊತ್ತಂಬರಿ, ಹಿಂದೊಂದು ಗೋಡೆ, ಅಷ್ಟೇ ಸಿಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಸ್ವಲ್ಪ ಓರೆಯಾಗಿ ನಿಂತರೆ, ಅಜ್ಜಿ ಎದುರಿಗೆ, ಅವಳ ಹಿಂದೆ ಟೊಮ್ಯಾಟೊ ಬುಟ್ಟಿ ಇಳಿಸುವವರು, ಅದರ ಹಿಂದೆ ಹಾದು ಹೋಗುವ ಆಟೋ. ಮೂರು ಸಾಲು ಆಯಿತು. ಗಿರಾಕಿ ಬಂದು ಹೋಗುವುದಕ್ಕೆ ಒಂದು ಲಯ ಇರುತ್ತದೆ. ಅದು ಕಣ್ಣಿಗೆ ಬಿದ್ದ ಮೇಲೆ ಗಿರಾಕಿ ಬರುವ ಕ್ಷಣ ಮುಂಚೆ ಶುರು ಮಾಡಿದರೆ ನಿಮಿಷದೊಳಗೆ ಒಂದು ಪುಟ್ಟ ಕಥೆಯೇ ಆಗುತ್ತದೆ: ಕೇಳಿದರು, ಚೌಕಾಶಿ ಮಾಡಿದರು, ಬಿಟ್ಟು ಹೊರಟರು, ಅಜ್ಜಿ ಕೂಗಿ ಕರೆದಳು. ಒಮ್ಮೊಮ್ಮೆ ಧಾನ್ಯದ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿ ಚೀಲ ಇಳಿಸುವ ಹಮಾಲರ ಹತ್ತಿರ ಮಾಡಿಸುತ್ತೇನೆ. ಅಲ್ಲಿ ಅವರ ದಾರಿಗೆ ಅಡ್ಡ ನಿಲ್ಲಬಾರದು, ಬೆನ್ನ ಮೇಲೆ ಭಾರ ಹೊತ್ತವರು ನಿಮಗಾಗಿ ಸುತ್ತಿ ಹೋಗುವಂತೆ ಆಗಬಾರದು.

ತೆಗೆಯುವ ಮುಂಚೆ ಎಲ್ಲರ ಹತ್ತಿರ ಕೇಳಿ. "ಯವ್ವಾ, ಕಾಲೇಜಿನವರು ಇದ್ದೀವಿ, ನಿಮ್ದೊಂದು ವಿಡಿಯೋ ತಗೋಳ್ಳೇನ್ರಿ?" ಅಂದರೆ ಹತ್ತರಲ್ಲಿ ಒಂಬತ್ತು ಮಂದಿ ಹೂಂ ಅನ್ನುತ್ತಾರೆ. ಬ್ಯಾಡ ಅಂದರೆ ಬ್ಯಾಡ, ವಾದ ಮಾಡಬೇಡಿ.

ಕ್ಯಾಮೆರಾದ ಅಂಕಿ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಹುಡುಗರು ಇದರಲ್ಲೇ ಮುಳುಗಿ ಉಳಿದದ್ದನ್ನು ಮರೆಯುತ್ತಾರೆ. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಅದಕ್ಕೆ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇಟ್ಟು ಶಟರ್, ಅಂದರೆ ಒಂದು ಫ್ರೇಮಿನ ಮೇಲೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50 ಇಡಿ, ಚಿತ್ರದಲ್ಲಿ ಪಟ್ಟಿ ಓಡುವುದಿಲ್ಲ. ಫೋನು ತಾನಾಗಿ 30 ಫ್ರೇಮ್, 1/60ಕ್ಕೆ ಹೋದರೆ ಮದುವೆ ಹಾಲಿನ ಅಗ್ಗದ ಎಲ್‌ಇಡಿ ಕೆಳಗೆ ಆ ಪಟ್ಟಿ ಕಾಣಿಸುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ, ಓಪನ್ ಕ್ಯಾಮೆರಾ ಅನ್ನುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ನಿಮ್ಮ ಫೋನಿಗೆ ಹೊಂದುವುದನ್ನು ಹಾಕಿಕೊಂಡು ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಲು ಕಲಿಯಿರಿ. ಲಾಕ್ ಮಾಡದಿದ್ದರೆ ಬಿಳಿ ಧೋತರ ಉಟ್ಟವರು ಎದುರು ಹಾದಾಗ ಇಡೀ ಚಿತ್ರ ಒಮ್ಮೆಲೇ ಕಪ್ಪಾಗುತ್ತದೆ. ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗೆ ಸುಟ್ಟುಹೋಗುವುದರಿಂದ ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು, ಬೇಕು. ಅದಿಲ್ಲದಿದ್ದರೆ ನೆರಳಿಗೆ ಬನ್ನಿ.

ಬೆಳಕಿಗೆ ದುಡ್ಡು ಹಾಕಬೇಡಿ. ಕಿಟಕಿಯ ಪಕ್ಕ ಕೂರಿಸಿ, ಇನ್ನೊಂದು ಪಕ್ಕದಲ್ಲಿ ಬಿಳಿ ಥರ್ಮೋಕೋಲ್ ಹಾಳೆ ಹಿಡಿದರೆ ಮುಗಿಯಿತು. ಕಲಬುರಗಿಯಲ್ಲಿ ರಂಗಮಂದಿರಕ್ಕೆ ಎಸ್.ಎಂ. ಪಂಡಿತ್ ಹೆಸರಿದೆಯಲ್ಲ, 1916ರಲ್ಲಿ ಇದೇ ಊರಲ್ಲಿ ಹುಟ್ಟಿದ ಆ ಕಲಾವಿದರು ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರ್ ಚಿತ್ರ ಬರೆದು ದೇಶಕ್ಕೆಲ್ಲ ಹೆಸರಾದವರು. ಅವರ ಚಿತ್ರ ಎಲ್ಲಿ ಸಿಕ್ಕರೂ ನಿಂತು, ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆ, ಗದ್ದದ ಕೆಳಗೆ ನೆರಳು ಎಷ್ಟಿದೆ ಅಂತ ಗುರುತು ಹಾಕಿಕೊಳ್ಳಿ. ಲೈಟಿಂಗ್ ಕಲಿಯುವವರಿಗೆ ನಮ್ಮೂರಲ್ಲೇ ಇಂಥ ಪಾಠ ಇದೆ ಅನ್ನುವುದು ನನಗೆ ಹೆಮ್ಮೆ.

ಸದ್ದು: ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೆ

ನನ್ನ ಅಂಗಡಿಗೆ ಬರುವ ಕಿರುಚಿತ್ರಗಳಲ್ಲಿ ಚಿತ್ರ ಕೆಟ್ಟು ಮೂಲೆಗೆ ಬಿದ್ದದ್ದು ಕಡಿಮೆ, ಸದ್ದು ಕೆಟ್ಟು ಬಿದ್ದದ್ದೇ ಜಾಸ್ತಿ. ಚಿತ್ರ ಸ್ವಲ್ಪ ಅಲುಗಾಡಿದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆದ್ದರಿಂದ ಶನಿವಾರ 11ರಿಂದ ಊಟದವರೆಗೆ ಸದ್ದಿನದೇ ಕೆಲಸ.

ಒಬ್ಬರನ್ನು ಕೂರಿಸಿ ಒಂದೇ ಮಾತನ್ನು ನಾಲ್ಕು ಸಲ ಹೇಳಿಸಿ. ಮೈಕ್ ಮೊದಲು ಒಂದು ಗೇಣು ದೂರ, ಆಮೇಲೆ ಒಂದು ಮೊಳ, ಆಮೇಲೆ ಒಂದು ಮಾರು, ಕೊನೆಗೆ ಕೋಣೆಯ ಆ ತುದಿ. ನಾಲ್ಕನ್ನೂ ಹೆಡ್‌ಫೋನ್ ಹಾಕಿಕೊಂಡು ಕೇಳಿದ ಮೇಲೆ ಯಾರೂ ಕ್ಯಾಮೆರಾ ಮೇಲಿನ ಮೈಕ್ ನಂಬಿ ಸಂದರ್ಶನ ಮಾಡುವುದಿಲ್ಲ. ಆಮೇಲೆ ಫ್ಯಾನ್ ಬಂದ್ ಮಾಡಿಸಿ. "ಶೆಕಿ ಆಗ್ತದಲ್ರೀ ಅಕ್ಕಾ" ಅಂತ ಗೊಣಗುತ್ತಾರೆ. ಆಗಲಿ. ಫ್ಯಾನು, ಕೂಲರು, ಫ್ರಿಜ್ಜು, ಒಂದೊಂದನ್ನೇ ಬಂದ್ ಮಾಡುತ್ತ ಹೆಡ್‌ಫೋನಿನಲ್ಲಿ ಏನೇನು ಕಳಚುತ್ತದೆ ಕೇಳಿಸಿ. ಕೂಲರಿನ ಮೊರೆತ ಹೋದಾಗ ಪಕ್ಕದ ಬೀದಿಯ ಹಿಟ್ಟಿನ ಗಿರಣಿ ಕೇಳುತ್ತದೆ, ಗಿರಣಿ ನಿಂತಾಗ ಗುಬ್ಬಿ ಕೇಳುತ್ತದೆ. ಬೇರೆಯವರ ಮನೆಯಲ್ಲಿ ಶೂಟ್ ಮಾಡುವಾಗ ಫ್ರಿಜ್ ಬಂದ್ ಮಾಡಿದರೆ ನಿಮ್ಮ ಗಾಡಿಯ ಕೀಲಿ ಅದರೊಳಗೇ ಇಡಿ. ಫ್ರಿಜ್ ಮತ್ತೆ ಚಾಲೂ ಮಾಡದೆ ಹೊರಡಲು ಆಗುವುದೇ ಇಲ್ಲ, ಅವರ ಹಾಲು ಕೆಡುವುದಿಲ್ಲ.

ಎಲ್ಲ ಮುಗಿದ ಮೇಲೆ ಯಾರೂ ಉಸಿರೆತ್ತದೆ ಆ ಕೋಣೆಯ ಬರೀ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿ. ಎರಡು ಮಾತಿನ ನಡುವೆ ಕತ್ತರಿಸಿದ ಕಡೆ ಇದನ್ನು ತುಂಬದಿದ್ದರೆ ಕಿವಿಗೆ ಗುಂಡಿ ಬಿದ್ದ ಹಾಗೆ ಕೇಳುತ್ತದೆ. ರೆಕಾರ್ಡ್ ಮಾಡುವಾಗ ಮೀಟರಿನಲ್ಲಿ ಸದ್ದಿನ ಮಟ್ಟ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ಇರಲಿ, ಸೊನ್ನೆಯೇ ಅದರ ಕೊನೆ ಮಿತಿ. ಸೊನ್ನೆ ಮುಟ್ಟಿ ಹರಿದ ಮಾತನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಹೊಲಿದುಕೊಡುವುದಿಲ್ಲ.

ಕಾಲರ್ ಮೈಕ್ ದುಬಾರಿಯದೇ ಬೇಕಂತಿಲ್ಲ. ತಂತಿಯ ಮೈಕನ್ನು ಇನ್ನೊಂದು ಫೋನಿಗೆ ಸಿಕ್ಕಿಸಿ ಆ ಫೋನನ್ನು ಮಾತಾಡುವವರ ಜೇಬಿನಲ್ಲಿಟ್ಟರೆ ಅದೇ ರೆಕಾರ್ಡರ್. ಕೊಳ್ಳುವಾಗ ಪಿನ್ ನೋಡಿ: ಮೂರು ಕಪ್ಪು ಗೆರೆ ಇದ್ದರೆ ಫೋನಿಗೆ, ಎರಡಿದ್ದರೆ ಕ್ಯಾಮೆರಾಗೆ. ಶುರುವಿನಲ್ಲಿ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆಸಿ. ಎಡಿಟಿಂಗ್‌ನಲ್ಲಿ ಕೈ ಕೂಡಿದ ಫ್ರೇಮನ್ನೂ ಸದ್ದಿನ ಏಟನ್ನೂ ಕೂಡಿಸಿದರೆ ತುಟಿ, ಮಾತು ಹೊಂದುತ್ತವೆ.

ನಮ್ಮ ಹಿರಿಯ ಹೆಣ್ಣುಮಕ್ಕಳಿಗೆ ಮೈಕ್ ಹಾಕುವುದು ಬೇರೆಯೇ ಕಲೆ. ತಲೆ ಮೇಲೆ ಸೆರಗು, ಕೊರಳಲ್ಲಿ ತಾಳಿ, ಗುಂಡಿನ ಸರ, ಕೈತುಂಬ ಬಳೆ. ಎಲ್ಲಿ ಇಟ್ಟರೂ ಏನಾದರೊಂದು ಉಜ್ಜುತ್ತದೆ. ಮೈಕನ್ನು ಸೆರಗಿಗೆ ಸಿಕ್ಕಿಸಬೇಡಿ. ಕುಪ್ಪಸದ ಅಂಚಿಗೆ, ಸರ ತಾಗದ ಕಡೆ, ಮೆಡಿಕಲ್ ಅಂಗಡಿಯ ಪೇಪರ್ ಟೇಪಿನಿಂದ ಅಂಟಿಸಿ. ಇದನ್ನು ತಂಡದ ಹುಡುಗಿಯೇ ಮಾಡಲಿ, ತಂತಿಯನ್ನು ಅವರೇ ಒಳಗಿಂದ ಹಾಯಿಸಿಕೊಳ್ಳಲಿ. ಬಳೆ ತೆಗೆಯಿರಿ ಅಂತ ಯಾವತ್ತೂ ಹೇಳಬೇಡಿ. ತೊಡೆ ಮೇಲೊಂದು ಟವೆಲ್ ಹಾಸಿ ಅದರ ಮೇಲೆ ಕೈ ಇಡಲು ಹೇಳಿದರೆ ಬಳೆ ಸದ್ದು ಅರ್ಧ ಇಳಿಯುತ್ತದೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಕ್ಯಾಮೆರಾ ಕಂಡ ಕೂಡಲೇ ನಮ್ಮ ಜನ "ನಾವು ಹೋಗುತ್ತೇವೆ, ಬರುತ್ತೇವೆ" ಅಂತ ಪುಸ್ತಕದ ಹಾಗೆ ಮಾತಾಡಲು ಶುರು ಮಾಡುತ್ತಾರೆ. ಹಾಗೆ ಮಾತಾಡುವಾಗ ಮುಖವೇ ಬಿಗಿಯುತ್ತದೆ. "ಆಯಿ, ಮನ್ಯಾಗ ಹ್ಯಾಂಗ ಮಾತಾಡ್ತೀರಿ ಹಂಗೇ ಹೇಳ್ರಿ" ಅನ್ನಿ. ಕಲಬುರಗಿ ಮಾತು ತೆರೆಯ ಮೇಲೆ ಬರೀ ನಗಿಸಲಿಕ್ಕೆ ಅಂತ ಬಂದದ್ದೇ ಹೆಚ್ಚು. ದುಃಖ, ಸಿಟ್ಟು, ಲೆಕ್ಕಾಚಾರ, ಭಕ್ತಿ ಎಲ್ಲವನ್ನೂ ಈ ಮಾತಿನಲ್ಲೇ ಹೇಳುವ ಜನರ ನಡುವೆ ಇದ್ದೇವೆ. ಅದನ್ನು ಸ್ವಚ್ಛವಾಗಿ ರೆಕಾರ್ಡ್ ಮಾಡಿಕೊಂಡು ಬರುವುದು ನಮ್ಮ ಹುಡುಗರ ಕೈಯಲ್ಲೇ ಇದೆ. ದಖ್ಖನಿ ಉರ್ದು ಮಾತಾಡುವ ಮನೆಗಳಿಗೂ ಇದೇ ಮಾತು.

ಕೈಕೆಲಸ ತೋರಿಸುವುದು: ಬೀದರಿನ ಪಾಠ

ಐದು ಶಾಟ್ ಸೇರಿಸಿ ಒಂದು ಕೆಲಸ ತೋರಿಸುವುದೇ ಕಾರ್ಯಾಗಾರದ ವಿಷಯವಾದರೆ, ಅದಕ್ಕೆ ಬೀದರಿನ ಬಿದ್ರಿ ಕುಶಲಕರ್ಮಿಗಳ ಅಂಗಡಿಯಂಥ ಜಾಗ ಇನ್ನೊಂದಿಲ್ಲ. ಮುಂಚಿತವಾಗಿ ಹೋಗಿ ಮಾತಾಡಿ, ಅವರ ಕೆಲಸದ ಹೊತ್ತು ಹಾಳಾಗುವುದಕ್ಕೆ ಸರಿಯಾಗಿ ದುಡ್ಡು ಕೊಡಿ. ಕೆಲಸದ ಹಂತಗಳನ್ನು ಕ್ಯಾಮೆರಾ ಇಲ್ಲದೆ ಒಮ್ಮೆ ಪೂರ್ತಿ ನೋಡಿ ಬರೆದುಕೊಳ್ಳಿ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡುತ್ತಾರೆ. ಗೆರೆ ಎದ್ದು ಕಾಣಲು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಮೊನಚು ಉಳಿಯಿಂದ ಬಳ್ಳಿ ಹೂವು ಕೆತ್ತುತ್ತಾರೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಇಡೀ ಪಾತ್ರೆ ಬೂದು ಬಣ್ಣ, ಬೆಳ್ಳಿ ಯಾವುದು ಲೋಹ ಯಾವುದು ಗೊತ್ತಾಗುವುದಿಲ್ಲ. ಕೊನೆಗೆ ಬೀದರ ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ.

ಆ ಕೊನೆಯ ಹಂತ ಒಂದು ಪಾತ್ರೆಗೆ ಒಂದೇ ಸಲ. "ಇನ್ನೊಮ್ಮೆ ಮಾಡ್ರಿ ಚಾಚಾ" ಅನ್ನುವಂತಿಲ್ಲ. ಆದ್ದರಿಂದ ಇಡೀ ದಿನದ ಯೋಜನೆ ಆ ಕ್ಷಣದಿಂದ ಹಿಂದಕ್ಕೆ ಲೆಕ್ಕ ಹಾಕಿ ಮಾಡಿ. ಕ್ಯಾಮೆರಾ ಎರಡು: ಒಂದು ಪಾತ್ರೆಯ ಮೇಲೆ ಹತ್ತಿರದಿಂದ, ಇನ್ನೊಂದು ಅವರ ಮುಖದ ಮೇಲೆ. ಎರಡೂ ಅವರ ಒಂದೇ ಪಕ್ಕದಲ್ಲಿರಲಿ. ಒಂದು ಆಚೆ, ಒಂದು ಈಚೆ ಇಟ್ಟರೆ ಜೋಡಿಸಿದಾಗ ಸುತ್ತಿಗೆ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬಂದಂತೆ ಕಂಡು ನೋಡುವವರಿಗೆ ದಿಕ್ಕು ತಪ್ಪುತ್ತದೆ. ಉಳಿದ ಹಂತಗಳು ಮರುಕಳಿಸುತ್ತವೆ, ಉಳಿಯ ಏಟು ನೂರಾರು ಬೀಳುತ್ತವೆ. ಅವನ್ನು ನಿಧಾನವಾಗಿ ತೆಗೆಯಬಹುದು: ಇಡೀ ಅಂಗಡಿ, ಕೈ, ಮುಖ, ಉಳಿಯ ತುದಿ, ಅವರು ನೋಡುತ್ತಿರುವ ಗೆರೆ. ಒಂದೊಂದು ಶಾಟನ್ನೂ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ನಿಲ್ಲಿಸಿ. ಚಿತ್ರ ಮುಗಿದ ಮೇಲೆ ಮೈಕನ್ನು ಉಳಿಯ ಹತ್ತಿರ ಹಿಡಿದು ಏಟಿನ ಸದ್ದನ್ನಷ್ಟೇ ಬೇರೆಯಾಗಿ ತುಂಬಿಕೊಳ್ಳಿ, ಎಡಿಟಿಂಗ್‌ನಲ್ಲಿ ಅದು ಬಂಗಾರ.

ಬೀದರ ದೂರವಾದರೆ ಊರಿನ ಕುಂಬಾರರು, ದರ್ಜಿ, ಶಹಾಬಾದ ಕಲ್ಲು ಕೊಯ್ಯುವವರು, ಎಲ್ಲಿಯೂ ಇದೇ ಕ್ರಮ ನಡೆಯುತ್ತದೆ. ಕೋಟೆಯೊಳಗೆ ಶೂಟಿಂಗ್ ಅಂದರೆ ಮಾತ್ರ ಜಾಗ್ರತೆ. ಕಲಬುರಗಿ, ಬೀದರ ಕೋಟೆಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಟ್ರೈಪಾಡ್ ಇಟ್ಟು ಚಿತ್ರೀಕರಿಸುವ ಮುಂಚೆ ಬರಹದಲ್ಲಿ ಅನುಮತಿ ತಗೊಂಡಿರಿ, ಗೇಟಿನಲ್ಲಿ ಜಗಳಾಡಿ ಬೆಳಗಿನ ಬೆಳಕು ಕಳೆದುಕೊಳ್ಳಬೇಡಿ.

ಸಂಜೆ, ಪರದೆ ಮುಂದೆ

ತೆಗೆದವರು ಬಾಯಿ ತೆರೆಯಬಾರದು. ಇದೊಂದೇ ನಿಯಮ. "ಅಲ್ಲಿ ಬೆಳಕಿರಲಿಲ್ಲ", "ಅವರು ಅಡ್ಡ ಬಂದರು" ಅಂತ ವಿವರಿಸಲು ಶುರು ಮಾಡಿದರೆ ಉಳಿದವರು ಶಾಟ್ ಬಿಟ್ಟು ವಿವರಣೆ ಕೇಳುತ್ತಾರೆ. ನೋಡಿದವರು ಮೊದಲು ಏನು ಕಂಡಿತು ಅಷ್ಟನ್ನೇ ಹೇಳಲಿ. ಚೊಲೋ ಅದ, ಚೊಲೋ ಇಲ್ಲ ಅನ್ನುವುದು ಬೇಡ. "ಅಜ್ಜಿ ಯಾರನ್ನೋ ಕಾಯ್ತಿದ್ದಂಗ ಕಂಡಿತು" ಅಂತ ಒಬ್ಬರು ಹೇಳಿದಾಗ, ತೆಗೆದ ಹುಡುಗನಿಗೆ ತಾನು ಅಂದುಕೊಂಡದ್ದಕ್ಕೂ ಪರದೆ ಮೇಲೆ ಬಂದದ್ದಕ್ಕೂ ಇರುವ ಅಂತರ ತಾನಾಗಿಯೇ ತಿಳಿಯುತ್ತದೆ. ನಾನು ಆ ಹೊತ್ತಿನಲ್ಲಿ ಅವರ ಮುಖ ನೋಡುತ್ತಿರುತ್ತೇನೆ. ಕಲಿಕೆ ಆಗುವುದು ಅಲ್ಲಿಯೇ.

ಕೊನೆಗೆ ಪ್ರತಿ ತಂಡಕ್ಕೂ ನಾಳೆ ತಿದ್ದಬೇಕಾದ ಒಂದೇ ಒಂದು ವಿಷಯವನ್ನು ಚೀಟಿಯಲ್ಲಿ ಬರೆದುಕೊಡಿ. ಹತ್ತು ತಪ್ಪು ಕಂಡಿರಬಹುದು, ಆದರೂ ಒಂದೇ. "ಎರಡು ಹೆಜ್ಜೆ ಹತ್ತಿರ ಹೋಗಿ." "ಮಾತು ಮುಗಿದ ಮೇಲೆ ಐದು ಸೆಕೆಂಡ್ ನಿಲ್ಲಿ." ರೊಟ್ಟಿ ಬಡಿಯಲು ಕಲಿಯುವವರಿಗೆ ಮೊದಲ ರೊಟ್ಟಿ ಹರಿದಾಗ ಹಿಟ್ಟು, ನೀರು, ಬೆಂಕಿ, ಕೈ ಎಲ್ಲವನ್ನೂ ಒಟ್ಟಿಗೆ ಬೈದರೆ ಎರಡನೆಯದೂ ಹರಿಯುತ್ತದೆ.

ರವಿವಾರ

ಬೆಳಗ್ಗೆ ಅದೇ ಜಾಗ, ಅದೇ ಹೊತ್ತು, ಅದೇ ಶಾಟ್, ಚೀಟಿಯಲ್ಲಿದ್ದ ಒಂದು ತಿದ್ದುಪಡಿ. "ನಿನ್ನೆ ತೆಗೆದದ್ದೇ ಎದಕ್ಕ ಅಕ್ಕಾ, ಬ್ಯಾರೆ ಏನಾರ ಮಾಡೋಣ್ರಿ" ಅಂತ ಪ್ರತಿ ತಂಡವೂ ಕೇಳುತ್ತದೆ. ಬಗ್ಗಬೇಡಿ. ಹೊಸ ಜಾಗಕ್ಕೆ ಹೋದರೆ ಹೊಸ ತಪ್ಪುಗಳು ಬರುತ್ತವೆ, ಹಳೆಯದು ತಿದ್ದಿತೋ ಇಲ್ಲವೋ ತಿಳಿಯುವುದೇ ಇಲ್ಲ. 9ರೊಳಗೆ ಮುಗಿಸಿ ವಾಪಸ್ಸು ಬಂದು, ನಿನ್ನೆಯದು ಇವತ್ತಿನದು ಎರಡನ್ನೂ ಒಂದರ ಹಿಂದೊಂದು ಹಾಕಿ ತೋರಿಸಿ. ಆಗ ಯಾರಿಗೂ ಏನೂ ವಿವರಿಸುವ ಅಗತ್ಯ ಬೀಳುವುದಿಲ್ಲ.

ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಸಾಕು. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಕೆಡೆನ್‌ಲೈವ್ ಹಾಕಿಕೊಳ್ಳಿ, ಅದೂ ಪುಕ್ಕಟೆ. ಎಡಿಟಿಂಗ್ ಶುರು ಮಾಡುವ ಮುಂಚೆ ಕಾರ್ಡಿನಲ್ಲಿದ್ದದ್ದನ್ನು ಎರಡು ಕಡೆ ಕಾಪಿ ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ, ಆಮೇಲೆಯೇ ಕಾರ್ಡ್ ಫಾರ್ಮ್ಯಾಟ್. ಪ್ರತಿ ಶಾಟಿಗೂ ಒಂದು ಚೀಟಿ ಬರೆದು ನೆಲದ ಮೇಲೆ ಹರಡಿ ಎಲ್ಲರೂ ಸೇರಿ ಸಾಲು ಜೋಡಿಸಿ. ಮಷಿನ್ ಒಬ್ಬರ ಕೈಯಲ್ಲೇ ಇರುತ್ತದೆ, ಚೀಟಿ ಎಲ್ಲರ ಕೈಗೂ ಸಿಗುತ್ತದೆ. ಮೊದಲು ಮಾತಿನ ಸಾಲು ಕೂರಿಸಿ, ಅದರ ಮೇಲೆ ಚಿತ್ರ ಹಾಕಿ. ಎರಡು ನಿಮಿಷ ಮೀರಬೇಡಿ. ಹಿನ್ನೆಲೆ ಸಂಗೀತ ಹಾಕಲು ಮೊದಲ ಎರಡು ಮೂರು ಕಾರ್ಯಾಗಾರಗಳಲ್ಲಿ ನಾನು ಬಿಡುವುದೇ ಇಲ್ಲ. ಸಂಗೀತ ಬಂದರೆ ಸಡಿಲ ಜೋಡಣೆ ಮುಚ್ಚಿಹೋಗುತ್ತದೆ, ಕಲಿಯುವವರಿಗೆ ಅದು ಕಾಣಬೇಕು.

4 ಗಂಟೆಗೆ ಪ್ರದರ್ಶನ. ಮನೆಯವರನ್ನು ಕರೆಯಿರಿ, ಮುಖ್ಯವಾಗಿ ಹುಡುಗಿಯರ ಅಪ್ಪ ಅಮ್ಮನನ್ನು. ಎರಡು ದಿನ ಮಗಳು ಏನು ಮಾಡಿದಳು ಅನ್ನುವುದನ್ನು ಅವರು ಕಣ್ಣಾರೆ ನೋಡಿದರೆ ಮುಂದಿನ ಸಲ ಕಳಿಸಲು ಹಿಂದೆ ಮುಂದೆ ನೋಡುವುದಿಲ್ಲ. ಚಿತ್ರದಲ್ಲಿ ಇರುವವರನ್ನೂ ಕರೆಯಿರಿ. ಬರಲಾಗದವರಿಗೆ ಆ ವಾರದೊಳಗೆ ಅವರ ಜಾಗಕ್ಕೇ ಹೋಗಿ ಫೋನಿನಲ್ಲಿ ತೋರಿಸಿ, ವಾಟ್ಸ್‌ಆ್ಯಪ್ ಇದ್ದರೆ ಕಳಿಸಿ. ಮುಂದಿನ ತಂಡ ಅದೇ ಮಾರ್ಕೆಟ್ಟಿಗೆ, ಅದೇ ಬಿದ್ರಿ ಅಂಗಡಿಗೆ ಹೋದಾಗ ಅವರು ಬಾಗಿಲು ತೆರೆಯುವುದು ಇದರ ಮೇಲೆ ನಿಂತಿದೆ.

ಮುಂದಿನ ಕಾರ್ಯಾಗಾರಕ್ಕೆ ಒಂದು ತಿಂಗಳಾದರೂ ಅಂತರ ಇರಲಿ. ಆ ತಿಂಗಳಲ್ಲಿ ವಾರಕ್ಕೊಂದು ಒಂದು ನಿಮಿಷದ ಶಾಟ್ ತೆಗೆದು ನಾಲ್ಕು ಜನ ಕೂಡಿ ನೋಡಿ. ಶ್ರಾವಣ ಬಂದು ಮುಹೂರ್ತ ಶುರುವಾದರೆ ಯಾವುದಾದರೂ ಮದುವೆ ತಂಡದ ಜೊತೆ ಕೇಬಲ್ ಸುತ್ತಲು, ಲೈಟ್ ಹಿಡಿಯಲು ಹೋಗಿ. ದಿನಕ್ಕೆ ಏನು ಕೊಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಎರಡನೇ ಕಾರ್ಯಾಗಾರಕ್ಕೆ ಬರುವಾಗ ಮೊದಲನೆಯದರ ಚೀಟಿ, ನಾಲ್ಕು ವಾರದ ಶಾಟ್‌ಗಳು, ಹೆಡ್‌ಫೋನ್, ಪೂರ್ತಿ ಚಾರ್ಜ್ ಆದ ಫೋನ್ ತಗೊಂಡು ಬನ್ನಿ.